ಬಾಜೂದ ಕೀಲಿ ಹಾಕಿದ ಮನಿ ಗೋಡಿ ಓಣಿಗೆ ವಾಲೈತಿ, ಯಾರ ಕಡೆ ಹೋಗ್ಬೇಕ್ರೀ?

ಟೇಲರ್ ಅಕ್ಕ, ಹೊಸಯಲ್ಲಾಪುರ:

ನಮಸ್ಕಾರ್ರೀ ಎಲ್ಲಾರಿಗೂ. ಧಾರವಾಡ ಹೊಸಯಲ್ಲಾಪುರದಾಗ ನಮ್ಮ ಮನಿ. ಮುಂದಿನ ಖೋಲಿಯೊಳಗ ಮಷೀನ್ ಇಟ್ಕೊಂಡೀನಿ, ಜಂಪರು, ಸಾಲಿ ಹುಡುಗ್ರ ಯೂನಿಫಾರ್ಮು ಹೊಲೀತೀನಿ. ಬಾಜೂದ್ದು ಹಳೇ ಮಾಳಿಗಿ ಮನಿ. ಸಾಗವಾನಿ ಕಂಬ, ದೊಡ್ಡ ದೊಡ್ಡ ತೊಲಿ, ಮ್ಯಾಲ ಮಣ್ಣಿನ ಮೇಲ್ಮುದ್ದಿ, ಅಂದ್ರ ಬಡದು ಕೂಡಿಸಿದ ಮಣ್ಣಿನ ಹೊದಿಕಿ. ಅಲ್ಲಿದ್ದ ಆಯಿ ತೀರಿಕೊಂಡ ಮ್ಯಾಲ ಕೀಲಿ ಬಿತ್ತು, ಮತ್ತ ತೆಗೆದವರಿಲ್ಲ. ಮಕ್ಕಳು ಮೊಮ್ಮಕ್ಕಳು ಪುಣೆ, ಬೆಂಗಳೂರು, ಬೆಳಗಾವಿ ಕಡೆ ಅದಾರ. ಅವರವರೊಳಗ ವಾಟ್ನಿ (ಪಾಲಿನ) ದಾವೆ ನಡದೈತಿ ಅಂತ ಕೇಳೀನಿ.

ಹೋದ ಸಲ ಶ್ರಾವಣದ ಮಳಿಗೆ ಹಿಂದಿನ ಖೋಲಿ ಮಾಳಿಗಿ ಒಳಗ ಕುಸೀತು. ಈಗ ನನಗ ಹೆದರಿಕಿ ಇರೂದು ಮುಂದಿನ ಗೋಡೀದು. ಓಣಿ ಕಡೆ ಹೊಟ್ಟಿ ಬಿಟ್ಟೈತಿ. ಬಾಗಿಲ ಚೌಕಟ್ಟಿನ ಮೂಲಿಯಿಂದ ಒಂದು ಸೀಳು ಹೊಂಟು, ದೀಪದ ಮಾಡ ದಾಟಿ, ತೊಲಿ ತುದಿಗೆ ಹೋಗಿ ಮುಟ್ಟೈತಿ. ಆ ಸೀಳಿನ್ಯಾಗ ನನ್ನ ಬೆರಳು ಸಲೀಸಾಗಿ ಹೋಗ್ತೈತಿ. ಒಳಗಿನ ಮಣ್ಣು ಬ್ಯಾಸಿಗ್ಯಾಗೂ ತಣ್ಣಗ, ಹಸಿ. ಮ್ಯಾಲ ಅರಳಿ ಸಸಿ ಎದ್ದೈತಿ, ಅದರ ಬೇರು ಗೋಡಿ ಹೊರಗಿಂದ ಕಾಣ್ತೈತಿ. ನಮ್ಮ ಓಣಿ ಎರಡು ಬೈಕು ಕಷ್ಟಪಟ್ಟು ಸರಿಯೂವಷ್ಟು ಅಗಲ. ಮುಂಜಾನೆ ಅಂಗನವಾಡಿ ಮಕ್ಕಳು, ಸಾಲಿ ಮಕ್ಕಳು ಆ ಗೋಡಿ ಬುಡಕ್ಕ ಹೋಗ್ತಾರ, ನಳ ಬಂದ ದಿನ ಹೆಣ್ಣುಮಕ್ಕಳು ಅಲ್ಲೇ ಕೊಡ ಇಟ್ಕೊಂಡು ನಿಂದರ್ತಾರ.

ಹೋಗಿ ವಿಚಾರಿಸಿದ ಕಡೆ ಎಲ್ಲಾ ಒಂದ ಮಾತು: "ಖಾಸಗಿ ಆಸ್ತಿ, ಕೋರ್ಟ್‌ನ್ಯಾಗ ಐತಿ, ನಾವೇನ್ ಮಾಡೂಣು." ವಾರಸುದಾರರಿಗೆ ಫೋನ್ ಮಾಡಿದ್ರ ಒಬ್ಬರು ಇನ್ನೊಬ್ಬರ ಹೆಸರು ಹೇಳ್ತಾರ. ಕೋರ್ಟ್ ಅಂದ ಕೂಡ್ಲೇ ಎಲ್ಲಾ ಅಲ್ಲಿಗೇ ನಿಂತ್ವಾ? ಗೋಡಿಗೆ ಜಗಳ ಗೊತ್ತಾಗ್ತೈತೇನ್ರೀ? ಬಿದ್ರ ಯಾರ ಜವಾಬ್ದಾರಿ? ಆ ಮನಿಗೂ ನಮ್ಮ ಮನಿಗೂ ನಡುವಿನ ಗೋಡಿ ಒಂದ ಐತಿ, ಅದಕ್ಕೂ ಈಗ ಪಸೆ ಬಂದೈತಿ. ತಿಳಿದವರು ದಯಮಾಡಿ ಹೇಳ್ರಿ. ಮೃಗಶಿರಾ ಮಳಿ ಶುರುವಾಗೂದರೊಳಗ ಏನರ ಆಗಬೇಕು.

ನಿವೃತ್ತ ಎಂಜಿನಿಯರ್, ಮಾಳಮಡ್ಡಿ:

ತಂಗಿ, ನಿನ್ನ ಬರಹ ಓದಿ ಸುಮ್ಮನ ಇರಲಿಕ್ಕೆ ಆಗಲಿಲ್ಲ. ನೌಕರಿ ಪೂರಾ ಕಟ್ಟಡ ರಿಪೇರಿಯೊಳಗ ಕಳದವ ನಾನು. ಉದ್ದ ಬರೀತೇನಿ, ಸಾವಕಾಶ ಓದು.

"ಕೋರ್ಟಿನ್ಯಾಗ ಅದ" ಅನ್ನೂದು ಉತ್ತರ ಅಲ್ಲ. ಅಣ್ಣತಮ್ಮಂದಿರ ವಾಟ್ನಿ ದಾವೆ ಅಂದ್ರ ಯಾರಿಗೆ ಎಷ್ಟು ಪಾಲು ಅನ್ನೂದರ ತಕರಾರು. ಬೀಳೂ ಗೋಡಿಗೆ ಆಸರೆ ಕೊಡಬ್ಯಾಡ್ರಿ ಅಂತ ಆ ದಾವೆಯೊಳಗ ಯಾರೂ ಹೇಳಿರೂದಿಲ್ಲ. ಪಾಲಿಕೆ ಕೈಹಾಕಬಾರದು ಅಂತ ಪಾಲಿಕೆ ಮ್ಯಾಲೇ ತಡೆಯಾಜ್ಞೆ ಇದ್ರ ಆ ಮಾತು ಬ್ಯಾರೆ. ಇಲ್ಲಾಂದ್ರ ದಾವೆ ಅದರ ಪಾಡಿಗೆ ನಡೀಲಿ, ಗೋಡಿ ಕೆಲಸ ಗೋಡಿದು.

ಅಧಿಕಾರ ಎಲ್ಲಿ ಅದ ಅಂದ್ರ, 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯೊಳಗ. ಹುಬ್ಬಳ್ಳಿ-ಧಾರವಾಡ ನಡೀತಿರೂದು ಅದರ ಅಡಿಯೊಳಗ. ಅಪಾಯಕಾರಿ ಕಟ್ಟಡ ಕಂಡ್ರ ಮಾಲೀಕರಿಗೋ ಅಲ್ಲಿ ಇರೂವರಿಗೋ ನೋಟಿಸ್ ಕೊಟ್ಟು, ಬೇಲಿ ಹಾಕ್ರಿ, ಆಸರೆ ಕೊಡ್ರಿ, ರಿಪೇರಿ ಮಾಡ್ರಿ, ಇಲ್ಲಾ ಕೆಡವ್ರಿ ಅಂತ ಪಾಲಿಕೆ ಆಯುಕ್ತರು ಹೇಳಬಹುದು. ತಕ್ಷಣದ ಅಪಾಯ ಅದ ಅನಿಸಿದ್ರ ತಾವೇ ಮಾಡಿಸಿ ಖರ್ಚು ಮಾಲೀಕರಿಂದ ವಸೂಲಿ ಮಾಡಬಹುದು. ಮಾಲೀಕರು ಊರಾಗಿಲ್ಲ, ಒಬ್ಬರಲ್ಲ ಒಂಬತ್ತು ಮಂದಿ ಅದಾರ ಅನ್ನೂದು ಈ ಅಧಿಕಾರ ತಡೆಯೂ ಕಾರಣ ಅಲ್ಲ.

ಅರ್ಜಿ ಹೆಂಗ ಬರೀಬೇಕು ಅನ್ನೂದರ ಮ್ಯಾಲೆ ಎಲ್ಲಾ ನಿಂತದ. "ಹಳೇ ಮನಿ ಅದ, ತೊಂದರೆ ಆಗ್ಯದ" ಅಂತ ಬರದ್ರ ಕಾಗದ ಮ್ಯಾಲೆ ಕಾಗದ ಬಿದ್ದು ಕೆಳಗ ಹೋಗ್ತದ. ನೀನು ಇಲ್ಲಿ ಬರದೀಯಲ್ಲ, ಸೀಳು ಎಲ್ಲಿಂದ ಎಲ್ಲಿಗೆ, ಗೋಡಿ ಎತ್ತ ವಾಲ್ಯದ, ಕೆಳಗ ಯಾರು ನಡೀತಾರ, ಯಾವ ಹೊತ್ತಿಗೆ, ಅದನ್ನ ಹಂಗ ಬರಿ. ಮೊದಲ ಆ ಮನಿಯ ಸಿಟಿಎಸ್ ನಂಬರ್, ಅಂದ್ರ ಸಿಟಿ ಸರ್ವೆಯೊಳಗ ಆ ಜಾಗಾಕ್ಕ ಇರೂ ನಂಬರ್, ತಗೊ. ನಿಮ್ಮ ಮನಿ ಪ್ರಾಪರ್ಟಿ ಕಾರ್ಡಿನ ನಂಬರಿನ ಹಿಂದು ಮುಂದ ಅದು ಇರ್ತದ. ಸಿಟಿ ಸರ್ವೆ ಆಫೀಸಿನ್ಯಾಗ ನಕಲು ತಗೊಂಡ್ರ ಯಾರ ಯಾರ ಹೆಸರು ದಾಖಲ ಅದಾವ ಗೊತ್ತಾಗ್ತದ. ಆ ಎಲ್ಲಾ ಹೆಸರು ಅರ್ಜಿಯೊಳಗ ಬರಲಿ. ಫೋಟೋದೊಳಗ ಸೀಳಿನ ಬಾಜೂಕ ಒಂದು ಟೇಪ್ ಹಿಡಿ (ನಿನ್ನ ಹತ್ರ ಹೊಲಿಗಿ ಟೇಪ್ ಇದ್ದೇ ಅದ). ಪಾಲಿಕೆ ವಲಯ ಕಚೇರಿಯೊಳಗ ಎರಡು ಪ್ರತಿ ಕೊಟ್ಟು, ನಿನ್ನ ಪ್ರತಿ ಮ್ಯಾಲೆ ಆವಕ ಶಿಕ್ಕಾ (ಅರ್ಜಿ ಬಂದು ಮುಟ್ಟಿದ್ದಕ್ಕ ಹಾಕೂ ಮುದ್ರಿ), ನಂಬರ್, ತಾರೀಖು ಹಾಕಿಸ್ಕೊ. ಬಾಯಿಲೆ ಹೇಳಿದ್ದು ಎಲ್ಲೂ ಉಳಿಯೂದಿಲ್ಲ. ಓಣಿ ಮಂದಿ ಸಹಿ ಇದ್ರ ಭಾಳ ಚಲೋ.

ಇನ್ನೊಂದು ದಾರಿ ಮಂದಿಗೆ ಗೊತ್ತಿರೂದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಹಿಂದ ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಇತ್ತು. ಬಿದ್ದು ನೆರೆಹೊರೆಯವರಿಗೋ ದಾರಿ ಹಿಡದು ಹೋಗೂವರಿಗೋ ಪೆಟ್ಟಾಗೂ ಹಂಗ ಇರೂ ಕಟ್ಟಡ, ಗಿಡ ಅಂತ ಆ ಕಲಮಿನ್ಯಾಗ ಬಿಡಿಸಿ ಬರದಾರ. ಜಿಲ್ಲಾಧಿಕಾರಿ ಇಲ್ಲಾ ಉಪವಿಭಾಗಾಧಿಕಾರಿ, ಅಂದ್ರ ಎ.ಸಿ. ಸಾಹೇಬರು, ಕೆಡವ್ರಿ, ರಿಪೇರಿ ಮಾಡ್ರಿ, ಆಸರೆ ಕೊಡ್ರಿ ಅಂತ ಮಾಲೀಕರಿಗೆ ಷರತ್ತಿನ ಆದೇಶ ಮಾಡಬಹುದು. ಆಗೂದಿಲ್ಲ ಅಂದ್ರ ಬಂದು ಕಾರಣ ಹೇಳ್ರಿ ಅಂತ ಕರೀತಾರ. ಈ ಅಧಿಕಾರ ಬೇಕಾದ್ರ ಬಳಸೂದು, ಬ್ಯಾಡಾದ್ರ ಬಿಡೂದು ಅಲ್ಲ, ಅಪಾಯ ಕಂಡ್ರ ಬಳಸಲೇಬೇಕು ಅಂತ ಸುಪ್ರೀಂ ಕೋರ್ಟ್ 1980ರೊಳಗ ರತ್ಲಾಮ್ ಪುರಸಭೆಯ ಪ್ರಕರಣದಾಗ ಹೇಳ್ಯದ. ರೊಕ್ಕ ಇಲ್ಲ ಅನ್ನೂ ಪುರಸಭೆಯ ಮಾತನ್ನೂ ಆ ತೀರ್ಪು ಒಪ್ಪಲಿಲ್ಲ. ಪಾಲಿಕೆ ಅರ್ಜಿಯ ಪ್ರತಿ ಲಗತ್ತಿಸಿ ಎ.ಸಿ. ಆಫೀಸಿಗೂ ಒಂದು ಕೊಡು.

ಈಗ ಗೋಡಿ ಮಾತು. ಮಾಳಿಗಿ ಮನಿ ಮಂದಿ ಇದ್ದಾಗ ನೂರು ವರ್ಷ ಬಾಳ್ತದ, ಬಿಟ್ಟು ಹೋದ್ರ ನಾಕೈದು ಮಳಿಗಾಲದಾಗ ಹೋಗ್ತದ. ಯಾಕಂದ್ರ ಮೇಲ್ಮುದ್ದಿಗೆ ವರ್ಷಾ ಆರೈಕೆ ಬೇಕು. ಬ್ಯಾಸಿಗ್ಯಾಗ ಹುಲ್ಲು ಕಿತ್ತು, ಬಿಲ ಮುಚ್ಚಿ, ಹೊಸಾ ಕರ್ಲ ಮಣ್ಣು ಹಾಕಿ ಬಡದು, ನೀರು ಹರದು ಹೋಗೂ ಹಂಗ ಇಳುಕಲು ಮಾಡಬೇಕು. ಮಾಡಲಿಲ್ಲಾಂದ್ರ ನೀರು ಮ್ಯಾಲೇ ನಿಂದರ್ತದ. ಹತ್ತು ಫೂಟ್ ಹನ್ನೆರಡು ಫೂಟಿನ ಖೋಲಿ ಮ್ಯಾಲೆ ಒಂದು ಫೂಟ್ ಮಣ್ಣು ಇದ್ರ, ಅದು ಹಸಿ ಆದಾಗ ಆರು ಟನ್ನಿಗೂ ಹೆಚ್ಚು ತೂಕ. ಆ ತೂಕ ಎಲ್ಲಾ ತೊಲಿ ತುದಿ ಮ್ಯಾಲೆ ಬರ್ತದ. ತೊಲಿ ಮೊದಲು ಕೊಳೆಯೂದೂ ಆ ತುದಿಗೇ, ಗೋಡಿಯೊಳಗ ಹೂತಿರೂ ಜಾಗಾದಾಗ, ಒರಲಿ ಹತ್ತೂದೂ ಅಲ್ಲೇ. ನಿನ್ನ ಸೀಳು ತೊಲಿ ತುದಿಗೆ ಹೋಗಿ ಮುಟ್ಯದ ಅಂದೀ, ಅದಕ್ಕೇ ನನಗ ಚಿಂತಿ ಹತ್ತಿತು. ಇನ್ನೊಂದು ಲಕ್ಷ್ಯ ಇರಲಿ: ಮಣ್ಣಿನ ಗೋಡಿ ಮಳಿ ಹೊಡೆಯೂವಾಗಷ್ಟೇ ಬೀಳೂದಿಲ್ಲ, ಮಳಿ ನಿಂತು ಬಿಸಿಲು ಬಿದ್ದ ಮ್ಯಾಲೂ ಬೀಳ್ತದ. ಬಿಸಿಲು ಬಂತು ಅಂತ ಮಕ್ಕಳನ್ನ ಆ ಬುಡಕ್ಕ ಬಿಡಬ್ಯಾಡ್ರಿ.

ಗೋಡಿ ಇನ್ನೂ ಸರಿಯಾಕತ್ತದೋ ಇಲ್ಲೋ ತಿಳೀಬೇಕಂದ್ರ ಹಳೇ ಪದ್ಧತಿ ಒಂದು ಅದ. ತೆಳು ಗಾಜಿನ ಪಟ್ಟಿ, ಬಟ್ಟಿನಷ್ಟು ಅಗಲ, ಸೀಳಿಗೆ ಅಡ್ಡಾಗಿ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ಕೂಡಿಸಬೇಕು. ಅದರ ಮ್ಯಾಲೆ ತಾರೀಖು ಬರೀಬೇಕು. ಗಾಜು ಸೀಳಿದ್ರ ಗೋಡಿ ಸರದದ ಅಂತ ಅರ್ಥ, ಆ ಫೋಟೋಕ್ಕ ನೂರು ಮಾತಿನ ಬೆಲೆ ಅದ. ಆದ್ರ ಇಷ್ಟು ಹೊಟ್ಟಿ ಬಿಟ್ಟ ಗೋಡಿಗೆ ನೀನು ಹಚ್ಚಬ್ಯಾಡ, ಅದರ ಬುಡಕ್ಕ ನಿಂದರಬ್ಯಾಡ. ನಿಮ್ಮ ಮನಿಯೊಳಗ, ನಡುವಿನ ಗೋಡಿಗೆ ಸೀಳು ಇದ್ರ ಅಲ್ಲಿ ಹಚ್ಚು.

ನಮ್ಮ ಧಾರವಾಡದ ಕುಮಾರೇಶ್ವರ ನಗರದಾಗ 2019ರ ಮಾರ್ಚ್ 19ಕ್ಕ ಕಟ್ಟೂ ಹಂತದಾಗಿದ್ದ ಬಿಲ್ಡಿಂಗ್ ಕುಸದು 19 ಮಂದಿ ಹೋದರು. ಆಗಿಂದ ಎಲ್ಲಾರ ಕಣ್ಣು ಹೊಸಾ ಕಟ್ಟಡದ ಮ್ಯಾಲೆ ಅದ, ಇರಲೇಬೇಕು. ಕೀಲಿ ಹಾಕಿದ ಹಳೇ ಮನಿ ಮಾತ್ರ ಯಾರ ಲೆಕ್ಕಕ್ಕೂ ಬರವಲ್ಲದು. ಮುಂಬೈ ಪಾಲಿಕೆ ಮಳಿಗಾಲಕ್ಕಿಂತ ಮೊದಲು ಅಪಾಯಕಾರಿ ಕಟ್ಟಡಗಳ ಪಟ್ಟಿ ಪ್ರಕಟ ಮಾಡ್ತದ. ಸಿ-1 ಅಂದ್ರ ಖಾಲಿ ಮಾಡಿಸಿ ಕೆಡವೂದು, ಸಿ-2ಎ ಅಂದ್ರ ಖಾಲಿ ಮಾಡಿಸಿ ದೊಡ್ಡ ರಿಪೇರಿ, ಸಿ-2ಬಿ ಮಂದಿ ಇರೂವಾಗಲೇ ರಿಪೇರಿ, ಸಿ-3 ಸಣ್ಣ ರಿಪೇರಿ. ಅಂಥಾ ಪಟ್ಟಿ ವಾರ್ಡ್ ವಾರ್ಡಿಗೆ ನಮ್ಮಲ್ಲಿ ಗೋಡಿ ಮ್ಯಾಲೆ ಹಚ್ಚಬೇಕು. ಹೆಸರು ಎಲ್ಲಾರ ಕಣ್ಣಿಗೆ ಬಿದ್ರ ಪುಣೆಯೊಳಗಿದ್ದ ಮಗನೂ ಬರ್ತಾನ.

ಗದಗಿನವ, ಈಗ ಬೆಂಗಳೂರು:

ಅಕ್ಕಾರ, ನಾನು ಆ ಕಡೆಯ ಮಂದಿ. ಅಂದರೆ ಬೆಟಗೇರಿಯಲ್ಲಿ ಹೀಗೇ ಕೀಲಿ ಹಾಕಿದ ಅಜ್ಜನ ಮನೆಯ ಪಾಲುದಾರರಲ್ಲಿ ಒಬ್ಬ. ನಮ್ಮಂಥವರ ಪರಿಸ್ಥಿತಿಯನ್ನೂ ಹೇಳುತ್ತೇನೆ, ಅದರಿಂದ ನಿಮಗೆ ಉಪಯೋಗ ಆಗಬಹುದು.

ಕಾಗದದಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ವಾರಸಾ ಮಾಡಿಸಬೇಕೆಂದರೆ, ಅಂದರೆ ವಾರಸುದಾರರ ಹೆಸರು ದಾಖಲೆಗೆ ಹಚ್ಚಿಸಬೇಕೆಂದರೆ, ಎಲ್ಲರ ಸಹಿ ಬೇಕು. ಅತ್ತೆಯಂದಿರಿಗೂ ಪಾಲಿದೆ, ಇರಲೇಬೇಕು. ಆದರೆ ದೊಡ್ಡಪ್ಪನ ಮನೆಯವರು ಅದನ್ನು ಒಪ್ಪುವುದಿಲ್ಲ. ಯಾರಾದರೂ ಒಬ್ಬರು ರಿಪೇರಿಗೆ ಕೈ ಹಾಕಿದರೆ "ಮನೆ ತಾನೇ ಇಟ್ಟುಕೊಳ್ಳಲಿಕ್ಕೆ ಹೊಂಚು ಹಾಕ್ಯಾನ" ಅಂತ ಉಳಿದವರು ಎದ್ದು ನಿಲ್ಲುತ್ತಾರೆ. ಹಾಗಾಗಿ ಯಾರೂ ಹಂಚು ಕೂಡ ಸರಿಸುವುದಿಲ್ಲ. ಇದು ದುಷ್ಟತನಕ್ಕಿಂತ ಹೆಚ್ಚಾಗಿ ಪರಸ್ಪರ ಅಪನಂಬಿಕೆ.

ಇಂಥ ಸ್ಥಿತಿಯಲ್ಲಿ ಹೊರಗಿನಿಂದ ಒಂದು ನೋಟಿಸ್ ಬಂದರೆ ಅದೇ ದೊಡ್ಡ ಸಹಾಯ. ಸರ್ಕಾರದ ಆದೇಶ ಇದೆ ಅಂದಾಗ ಆಸರೆ ಕೊಟ್ಟವನ ಮೇಲೆ ಯಾರೂ ಆರೋಪ ಹೊರಿಸಲಾರರು. ಆದ್ದರಿಂದ ಹಿರಿಯ ಮಗನಿಗೆ ಒಬ್ಬನಿಗೇ ಅಲ್ಲ, ಎಲ್ಲ ಪಾಲುದಾರರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದೇ ದಿನ ಪತ್ರ ಹೋಗಲಿ. ಅಪಾಯ ಇಂಥದ್ದು, ತಿಳಿಸಿದ್ದು ಇಂಥ ದಿನ ಅಂತ ಬರೆಯಿರಿ. ಮುಂದೆ ಏನಾದರೂ ಆದರೆ "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ದಾರಿ ಮುಚ್ಚುತ್ತದೆ.

ಅವರ ದಾವೆಯೊಳಗೂ ಉಪಾಯ ಇದೆ. ಸಿವಿಲ್ ಪ್ರೊಸೀಜರ್ ಕೋಡಿನ 40ನೇ ಆರ್ಡರ್ (ಆ ಕಾಯ್ದೆಯ ಒಂದು ಭಾಗ) ಪ್ರಕಾರ ಆಸ್ತಿ ಕಾಪಾಡಲು ರಿಸೀವರ್, ಅಂದರೆ ಕೋರ್ಟಿನ ಪರವಾಗಿ ಆಸ್ತಿ ನೋಡಿಕೊಳ್ಳುವವರನ್ನು, ನೇಮಿಸಲು ಯಾವ ಪಾಲುದಾರರೂ ಅರ್ಜಿ ಹಾಕಬಹುದು. ಸ್ಥಳ ನೋಡಿ ವರದಿ ಕೊಡಲು 26ನೇ ಆರ್ಡರಿನಲ್ಲಿ ಕೋರ್ಟ್ ಕಮಿಷನರನ್ನು ಕಳಿಸಿ ಎಂದೂ ಕೇಳಬಹುದು. ಫೋನ್ ಎತ್ತುವ ಒಬ್ಬ ಪಾಲುದಾರ ಸಿಕ್ಕರೆ ಇದನ್ನು ಅವರ ಕಿವಿಗೆ ಹಾಕಿ.

ಬಡಿಗತನದವ, ಮಂಗಳವಾರ ಪೇಟೆ:

ಎಂಜಿನಿಯರ್ ಸಾಹೇಬ್ರು ಹೇಳಿದ್ದೆಲ್ಲಾ ಖರೇ. ಒಂದ ಒಂದು ಮಾತು ನಂದು. ಅರ್ಜಿಯೊಳಗ "ಕೆಡವ್ರಿ" ಅಂತ ಬರೀಬ್ಯಾಡ್ರಿ ಅಕ್ಕಾರ. "ಅಪಾಯ ತಪ್ಪಸ್ರಿ" ಅಂತ ಬರೀರಿ. ಹಿಂದಿನ ಖೋಲಿ ಹೋದ್ರೂ ಪಡಸಾಲಿ ಕಂಬ, ಬೋದಗಿ (ಕಂಬದ ತಲಿ ಮ್ಯಾಲಿನ ಕಟ್ಟಿಗಿ) ಗಟ್ಟಿ ಇರಬಹುದು. ಆ ಸಾಗವಾನಿ ಈಗ ರೊಕ್ಕ ಕೊಟ್ರೂ ಸಿಗೂದಿಲ್ಲ. ಇಂಥಾ ಮನಿ ಜೆಸಿಬಿ ಹಚ್ಚಿ ಒಂದ ದಿನದಾಗ ನೆಲಸಮ ಮಾಡಿದ್ದನ್ನ ನೋಡೀನಿ, ಹೊಟ್ಟಿ ಉರೀತೈತಿ. ಮ್ಯಾಲಿನ ಮಣ್ಣು ಇಳಿಸಿದ್ರ ಅರ್ಧ ಅಪಾಯ ಅಲ್ಲೇ ಹೋಗ್ತೈತಿ. ಮಣ್ಣು ತೆಗದು, ತೊಲಿಗೆ ಬಲ್ಲೀಸ್ (ಆಸರೆ ಕಂಬ) ಹಚ್ಚಿ, ಮ್ಯಾಲ ತಗಡು ಹೊದಿಸಿದ್ರ ದಾವೆ ಮುಗಿಯೂ ತನಕ ಮನಿ ಉಳೀತೈತಿ. ಆದ್ರ ಮಣ್ಣು ಇಳಿಸೂವಾಗ ಒಂದ ಕಡೆಯಿಂದ ಎಲ್ಲಾ ತೆಗೀಬಾರ್ದು, ಎರಡೂ ಕಡೆ ಸಮ ಮಾಡ್ಕೋತ ಬರಬೇಕು. ಗೊತ್ತಿದ್ದ ಗೌಂಡಿನೇ ಬೇಕು.

ಖಾಲಿ ಮನಿ ಅಂದ್ರ ಬಾಗಿಲು ಚೌಕಟ್ಟು ಕಳವು ಮಾಡೂವರೂ ಕಾಯ್ತಿರ್ತಾರ. ಚೌಕಟ್ಟು ಕಿತ್ರ ಗೋಡಿಗೆ ಇದ್ದ ಆಸರೆನೂ ಹೋತು. ರಾತ್ರಿ ಸಪ್ಪಳ ಆದ್ರ 112ಕ್ಕ ಫೋನ್ ಮಾಡ್ರಿ.

ಆಶಾ ಕಾರ್ಯಕರ್ತೆ, ಹಳೇ ಹುಬ್ಬಳ್ಳಿ:

ಕುಸಿದ ಖೋಲಿಯೊಳಗ ನೀರು ನಿಂತೈತೇನು ನೋಡ್ರಿ ಅಕ್ಕಾ. ಡೆಂಗಿ ಸೊಳ್ಳಿ ಗಟಾರದ್ದಲ್ಲ, ತಿಳಿ ನೀರಿಂದು. ತತ್ತಿಯಿಂದ ಸೊಳ್ಳಿ ಆಗಾಕ ಎಂಟು-ಹತ್ತು ದಿನ ಸಾಕು. ಕಡಿಯೂದು ಹಗಲೊತ್ತಿನ್ಯಾಗ. ನಾವು ಲಾರ್ವಾ ಸರ್ವೆಗೆ ಮನಿ ಮನಿಗೆ ಹೋಗ್ತೀವಿ, ಬ್ಯಾರೆಲ್ಲು, ನೀರಿನ ತೊಟ್ಟಿ, ಹೂವಿನ ಕುಂಡ ಎಲ್ಲಾ ನೋಡ್ತೀವಿ. ಕೀಲಿ ಇದ್ದ ಮನಿ ಮುಂದ ಮಾತ್ರ ನಿಂತು ವಾಪಸ್ ಬರಬೇಕಾಗ್ತೈತಿ, ಅದೇ ನಮಗೂ ದೊಡ್ಡ ಸಂಕಟ.

2024ರಾಗ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಮಾಡಿ ದಂಡ ಇಟ್ಟೈತಿ. ನಗರದಾಗ ವಾಸದ ಮನಿಗೆ 400 ರೂಪಾಯಿ, ಪಾಳುಬಿದ್ದ ಜಾಗ, ಖಾಲಿ ಸೈಟು, ಕಟ್ಟೂ ಕಟ್ಟಡಕ್ಕ 2,000 ರೂಪಾಯಿ. ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬ್ಯಾರೆ ಅರ್ಜಿ ಕೊಡ್ರಿ. ಗೋಡಿ ಕಾಗದ ತಡ ಆದ್ರೂ ಸೊಳ್ಳಿ ಕಾಗದಕ್ಕ ಮಂದಿ ಬರ್ತಾರ, ಬಂದವರು ಗೋಡಿನೂ ನೋಡ್ತಾರ.

ಪೇಟೆ ಅಂಗಡಿಯವ, ದುರ್ಗದಬೈಲ್:

ಬಾಡಿಗೆದಾರರು ಯಾರಾದರೂ ಇದನ್ನು ಓದುತ್ತಿದ್ದರೆ ಅಂತ ಒಂದು ಮಾತು. ಕಟ್ಟಡ ತಾನಾಗಿ ಬೀಳಲಿ, ಬಿದ್ದರೆ ಬಾಡಿಗೆದಾರನ ಹಕ್ಕೂ ಹೋಗುತ್ತದೆ ಎಂದುಕೊಂಡು ರಿಪೇರಿ ಮಾಡಿಸದೇ ಬಿಡುವ ಮಾಲೀಕರಿದ್ದಾರೆ. ಹಾಗೆ ಹೋಗುವುದಿಲ್ಲ. ಕಟ್ಟಡ ನೆಲಸಮ ಆದಮಾತ್ರಕ್ಕೆ ಬಾಡಿಗೆ ಹಕ್ಕು ಮುಗಿಯುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದ್ದರಿಂದ ಹಕ್ಕು ಹೋದೀತು ಎಂಬ ಭಯಕ್ಕೆ ಬೀಳುವ ಕಟ್ಟಡದೊಳಗೆ ಕೂತು ಜೀವ ಪಣಕ್ಕಿಡಬೇಡಿ.

ಟೇಲರ್ ಅಕ್ಕ, ಹೊಸಯಲ್ಲಾಪುರ:

ಎಲ್ಲಾರಿಗೂ ಭಾಳ ಉಪಕಾರ ಆತ್ರೀ. ಇಷ್ಟು ಮಂದಿ ಕುಂತು ಬರೀತೀರಿ ಅಂತ ಅನ್ಕೊಂಡಿರಲಿಲ್ಲ.

ಸಿಟಿ ಸರ್ವೆ ನಕಲು ಸಿಕ್ತು. ಅದರಾಗ ಆಯಿ ಮಾವನವರ ಹೆಸರ ಇನ್ನೂ ಐತಿ, ಅವರ ಮಗನದ್ದೂ ಇಲ್ಲ. ಗದಗಿನ ಅಣ್ಣಾರ ಹೇಳಿದ್ದು ಅಗದೀ ಬರೋಬ್ಬರಿ ಐತಿ. ಬೆಳಗಾವ್ಯಾಗ ಇರೂ ಮೊಮ್ಮಗಳು ಒಬ್ಬಾಕಿ ಮಾತಾಡಿದ್ಲು. "ಅಕ್ಕಾ, ನಾ ಒಬ್ಬಾಕಿ ಮಾಡಿದ್ರ ಮನಿ ನುಂಗಾಕ ಬಂದಾಳ ಅಂತಾರ, ನೋಟಿಸ್ ಬಂದ್ರ ಮೊದಲ ನಾನ ರೊಕ್ಕ ಕೊಡ್ತೀನಿ" ಅಂದ್ಲು. ಆಕಿ ವಕೀಲರಿಗೆ ರಿಸೀವರ್ ಮಾತೂ ಹೇಳೀನಿ.

ಅರ್ಜಿಯೊಳಗ ಕೆಡವ್ರಿ ಅಂತ ಬರದಿಲ್ರೀ. ಮ್ಯಾಲಿನ ಮಣ್ಣು ಇಳಿಸಬೇಕು, ಗೋಡಿಗೆ ಆಸರೆ ಕೊಡಬೇಕು, ಅಲ್ಲೀತನಕ ಓಣಿಗೆ ಅಡ್ಡ ಹಚ್ಚಿ ಫಲಕ ಹಾಕಬೇಕು ಅಂತ ಮೂರು ಮಾತು ಬರದೀನಿ. ಆ ಮನಿ ಕಟ್ಟಿ ಮ್ಯಾಲ ಕುಂತು ಆಯಿ ಹತ್ರ ಕಸೂತಿ ಕಲಿತಾಕಿ ನಾನು, ಅದು ನೆಲಸಮ ಆಗೂದು ನನಗ ಬೇಕಾಗಿಲ್ಲ. ಓಣಿ ಮಂದಿ ಸಹಿ ಹಾಕ್ಯಾರ. ಅಂಗನವಾಡಿ ಬಾಯಾರು ಮಕ್ಕಳನ್ನ ಆಕಡೆ ಓಣಿಯಿಂದ ಕರಕೊಂಡು ಹೋಗ್ತಾರ. ನಳದ ಸರದಿ ನಮ್ಮ ಮನಿ ಮುಂದ ಬಂದೈತಿ.

ಸರ, ಇನ್ನೊಂದು ಕೇಳೂದಿತ್ತು. ಅರಳಿ ಸಸಿ ದಿನಾ ದೊಡ್ಡದಾಗಾಕತ್ತೈತಿ. ನಮ್ಮ ಮಾಳಿಗಿ ಮ್ಯಾಲಿಂದ ಕೈ ಮುಟ್ತೈತಿ. ನಮ್ಮ ಹುಡುಗ ಕಿತ್ತು ಒಗೀತೀನಿ ಅಂತಾನ. ಕೀಳಬಹುದೇನ್ರೀ?

ನಿವೃತ್ತ ಎಂಜಿನಿಯರ್, ಮಾಳಮಡ್ಡಿ:

ಬ್ಯಾಡ ತಂಗಿ, ಕೀಳಬ್ಯಾಡ. ಬೇರು ಗೋಡಿಯೊಳಗ ಹೋಗಿ ಕಲ್ಲು ಮಣ್ಣು ಹಿಡಕೊಂಡಿರ್ತದ, ಎಳದ್ರ ಗೋಡಿ ಅದರ ಜೋಡಿ ಕೈಗೆ ಬರ್ತದ. ನಿಮ್ಮ ಮಾಳಿಗಿ ಮ್ಯಾಲೆ ಚಾಚಿದ ಟೊಂಗಿ ಅಷ್ಟ ಕತ್ತರಿಸ್ರಿ, ಜಗ್ಗದ ಕತ್ತರಿಸ್ರಿ. ಹುಡುಗ ಆ ಮನಿ ಮ್ಯಾಲೆ ಕಾಲು ಇಡಬಾರದು. ಬುಡ ಕೊರದು ಔಷಧ ಹಾಕೂದು, ಬೇರು ಬಿಡಿಸೂದು ಎಲ್ಲಾ ಗೋಡಿಗೆ ಆಸರೆ ಕೊಟ್ಟ ಮ್ಯಾಲಿನ ಕೆಲಸ. 152ನೇ ಕಲಮಿನ್ಯಾಗ ಗಿಡದ ಮಾತೂ ಅದ, ಅದಕ್ಕ ಎ.ಸಿ. ಆಫೀಸಿನ ಅರ್ಜಿಯೊಳಗ ಅದನ್ನೂ ಒಂದು ಸಾಲು ಸೇರಿಸು. ಆವಕ ನಂಬರ್ ಸಿಕ್ಕ ಮ್ಯಾಲೆ ಮೂವತ್ತು ದಿನ ಆದ್ರೂ ಸುದ್ದಿ ಇಲ್ಲಾಂದ್ರ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ್ಯಾಗ ಆ ನಂಬರಿನ ಮ್ಯಾಲೆ ಏನು ಕ್ರಮ ಆಗ್ಯದ ಅಂತ ಕೇಳು. ನಡುವಿನ ಗೋಡಿ ನೋಡಲಿಕ್ಕೆ ಬೇಕಂದ್ರ ನಾನೇ ಬರ್ತೇನಿ, ಗೋಡಿ ನೆಟ್ಟಗ ಅದನೋ ಇಲ್ಲೋ ನೋಡೂ ತೂಕಗುಂಡು ಇನ್ನೂ ನನ್ನ ಹತ್ರ ಅದ.